ಕಣ್ಣೆದುರಿನ ಕಾರಣ ಹೊಳೆಯಲು ಏನು ಮಾಡಬೇಕು?

ಪ್ರಶ್ನೆ: ಬೇರೆಯವರು ದಿನಾ ಮಾಡುವ ಸಣ್ಣಪುಟ್ಟ ಕೆಲಸಗಳ ಹಿಂದಿನ ಕಾರಣ ನನಗೆ ಬೇಗ ಹೊಳೆಯುವುದಿಲ್ಲ. ಮಾವನವರು ಟಿವಿ ಸೌಂಡ್ ಸಾಲದು ಅಂತಾರೆ. ನಾನು ಸ್ವಲ್ಪ ಜೋರಾಗಿ ಮಾತಾಡಿಸಿದರೆ ‘ಯಾಕಮ್ಮ ಕಿರುಚುತ್ತೀಯ’ ಅಂತಾರೆ. ಬಸ್ಸಲ್ಲಿ ಕೆಲವರು ಕಿಟಕಿ ಪಕ್ಕ ಖಾಲಿಯಿದ್ದರೂ ಒಳಗೆ ಸರಿಯುವುದಿಲ್ಲ. ಮೊಂಡುತನ ಅನ್ನಿಸಿಬಿಡುತ್ತೆ. ಆಮೇಲೆ ಯಾರಾದರೂ ಕಾರಣ ಹೇಳಿದಾಗ ‘ಇಷ್ಟೇನಾ!’ ಅನ್ನಿಸುತ್ತೆ. ಇದನ್ನು ರೂಢಿ ಮಾಡಿಕೊಂಡವರು ದಯವಿಟ್ಟು ಹೇಳಿ.

ಉತ್ತರ: ನಿಮ್ಮ ಮಾವನವರ ಕಥೆ ನಮ್ಮ ಮನೆಯಲ್ಲೂ ಇದೆ. ವಯಸ್ಸಾದಾಗ ಮೊದಲು ಕಡಿಮೆಯಾಗುವುದು ತೀಕ್ಷ್ಣ, ಅಂದರೆ ಕೀರಲು ಸದ್ದುಗಳ ಕೇಳುವಿಕೆ. ಸ್ವರಗಳು ಕೇಳಿಸುತ್ತವೆ, ಸ, ಶ, ತ, ಕ ಇಂಥವು ಜಾರಿಹೋಗುತ್ತವೆ. ಮಾತಾಡಿದ್ದು ಗೊತ್ತಾಗುತ್ತೆ, ಆದರೆ ‘ಸರಿ’ ಅಂದಿರೋ ‘ಕರಿ’ ಅಂದಿರೋ ಗೊತ್ತಾಗಲ್ಲ. ಜೊತೆಗೆ, ಮೆಲ್ಲನೆ ಅಂದದ್ದು ಕೇಳಿಸದ ಅದೇ ಕಿವಿಗೆ ಜೋರಾದ ಸದ್ದು ಬೇಗ ಹಿಂಸೆಯಾಗುತ್ತೆ. ಹಾಗಾಗಿ ಅವರ ಎರಡು ಮಾತೂ ನಿಜ.

ನಮಗೆ ಇದು ಹೊಳೆದದ್ದು ಹೀಗೆ. ಅಪ್ಪ ಯಾವಾಗ ಉತ್ತರ ಕೊಡುತ್ತಾರೆ, ಯಾವಾಗ ಕೊಡಲ್ಲ ಅಂತ ಅಕ್ಕ ಗಮನಿಸಿದಳು. ಎದುರು ನಿಂತು ಕೇಳಿದರೆ ತಕ್ಷಣ ಉತ್ತರ. ಬೀರು ಕಡೆ ತಿರುಗಿಕೊಂಡು ಕೇಳಿದರೆ ಸುಮ್ನೆ ಇರುತ್ತಿದ್ದರು. ಅವರು ನಮ್ಮ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದರು! ನೆಂಟರು ತುಂಬಿದಾಗ ಎದ್ದು ಒಳಗೆ ಹೋಗುತ್ತಿದ್ದದ್ದೂ ಅದಕ್ಕೇ. ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಅವರಿಗೆ ಬರೀ ಗದ್ದಲ. ‘ಯಾಕೆ ಹೀಗೆ ಮಾಡುತ್ತಾರೆ’ ಅನ್ನುವುದಕ್ಕಿಂತ ‘ಯಾವಾಗ ಹೀಗೆ ಮಾಡುವುದಿಲ್ಲ’ ಅಂತ ನೋಡಿ. ನನಗಂತೂ ಇದರಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಇಲ್ಲ. ಕಿವಿ ಪರೀಕ್ಷೆಯನ್ನೂ ಮಾಡಿಸಿ, ಮುಂದೂಡಬೇಡಿ.

ಇನ್ನೊಬ್ಬರು: ನಾನು ಮೊದಲು ಮೈಗೆ ಏನಾದರೂ ಕಷ್ಟವಿದೆಯಾ ಅಂತ ನೋಡುತ್ತೇನೆ, ಆಮೇಲೆ ಕೈಯಲ್ಲಿ ಏನಿದೆ, ಎಷ್ಟು ಹೊತ್ತಿದೆ ಅಂತ. ಗುಣದ ಮಾತು ಕೊನೆಗೆ. ಬಸ್ಸಿನವರಿಗೆ ಮೊಣಕಾಲು ಮಡಚಲು ಕಷ್ಟ ಇರಬಹುದು, ಮುಂದಿನ ಸ್ಟಾಪಲ್ಲೇ ಇಳಿಯುವವರಿರಬಹುದು. ಫೋನನ್ನು ಮಾರು ದೂರ ಹಿಡಿಯುವವರು ಸಾಮಾನ್ಯವಾಗಿ ನಲವತ್ತು ದಾಟಿದವರು. ಕಣ್ಣಿನ ಮಸೂರ ಗಡುಸಾಗಿ ಹತ್ತಿರದ್ದು ಕಾಣುವುದಿಲ್ಲ. ಮಬ್ಬು ಬೆಳಕಲ್ಲಿ ಮೆಟ್ಟಿಲ ಹತ್ತಿರ ನಿಂತುಬಿಡುವ ಹಿರಿಯರನ್ನು ಅವಸರ ಮಾಡಬೇಡಿ. ವಯಸ್ಸಾದಂತೆ ಪಾಪೆ ಕಿರಿದಾಗಿ ಕಣ್ಣೊಳಗೆ ಹೋಗುವ ಬೆಳಕೇ ಕಡಿಮೆಯಾಗುತ್ತೆ.

ಮತ್ತೊಬ್ಬರು: ಹೊತ್ತಿನ ಮಾತು ಬಂತಲ್ಲ, ಅದಕ್ಕೊಂದು ಪ್ರಯೋಗವೇ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಡಾರ್ಲಿ ಮತ್ತು ಬ್ಯಾಟ್ಸನ್ 1973ರಲ್ಲಿ ಪ್ರಕಟಿಸಿದ್ದು. ಪಾದ್ರಿಯಾಗಲು ಓದುತ್ತಿದ್ದ ವಿದ್ಯಾರ್ಥಿಗಳನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಕಳಿಸಿದರು. ದಾರಿಯಲ್ಲಿ ಒಬ್ಬ ಕುಸಿದು ಕೂತು ಕೆಮ್ಮುತ್ತಿದ್ದ. ಅವಸರವಿಲ್ಲದವರಲ್ಲಿ ಶೇ. 63 ಮಂದಿ ಸಹಾಯಕ್ಕೆ ಬಂದರು. ‘ತಡವಾಗಿದೆ, ಓಡಿ’ ಅಂತ ಹೇಳಿಸಿಕೊಂಡವರಲ್ಲಿ ಶೇ. 10 ಮಾತ್ರ. ಓದುತ್ತಿದ್ದದ್ದು ಒಂದೇ ವಿದ್ಯೆ, ಬೇರೆಯಿದ್ದದ್ದು ಸಮಯ. ಹಾಗಿದ್ದೂ ನೋಡುವವರು ‘ಕಲ್ಲು ಮನಸ್ಸು’ ಅಂದುಬಿಡುತ್ತಾರೆ, ಅಲ್ವಾ?

ಕೊನೆಯಲ್ಲಿ ಒಬ್ಬರು: ಕೇಳಿಬಿಡುವುದೂ ಒಂದು ದಾರಿ. ಆದರೆ ‘ಯಾಕೆ ಹೀಗೆ ಮಾಡುತ್ತೀರಿ’ ಅಂದರೆ ತಪ್ಪು ಹುಡುಕಿದ ಹಾಗಾಗುತ್ತೆ. ‘ಈ ಕಡೆ ಕೂತರೆ ಅನುಕೂಲನಾ?’ ಅಂದರೆ ಅವರೇ ಹೇಳುತ್ತಾರೆ. ಕೆಲವು ಕಾರಣ ಮಾತ್ರ ಗೊತ್ತಾದರೂ ಬಾಯಿ ಬಿಡಬಾರದು. ಕಾಗದ ಕೊಟ್ಟಾಗಲೆಲ್ಲ ‘ಕನ್ನಡಕ ತಂದಿಲ್ಲ, ನೀವೇ ಓದಿ’ ಅನ್ನುವವರಿಗೆ ಓದಲು ಬಾರದೆ ಇರಬಹುದು. ಅಂಥವರಿಗೆ ಏನಾದರೂ ಕೊಡುವಾಗ ಅದರಲ್ಲಿರುವುದನ್ನು ನಾನೇ ಬಾಯಲ್ಲಿ ಹೇಳಿಬಿಡುತ್ತೇನೆ. ಕನ್ನಡಕದ ಮಾತು ಎತ್ತುವುದೇ ಇಲ್ಲ.