ಹಳ್ಳಿಕಾರ್ ಎತ್ತಿನ ನಡಿಗೆ: ಕಿನೋವಿಯಾದಲ್ಲಿ ವೇಗ ತೀರಾ ಕಮ್ಮಿ ತೋರಿಸುತ್ತಿದೆ, ಏಕೆ?

ಗುಬ್ಬಿ_ಎತ್ತು:
ಎಲ್ಲರಿಗೂ ನಮಸ್ಕಾರ. ನಮ್ಮದು ತುಮಕೂರು ಜಿಲ್ಲೆ, ಗುಬ್ಬಿ ಹತ್ತಿರ. ಮನೆಯಲ್ಲಿ ಒಂದು ಜೊತೆ ಹಳ್ಳಿಕಾರ್ ಎತ್ತುಗಳಿವೆ. ಅದರಲ್ಲಿ ಒಂದು ಎಡ ಹಿಂಗಾಲನ್ನು ಸ್ವಲ್ಪ ಎಳೆದು ಹಾಕುತ್ತದೆ ಅಂತ ಅನುಮಾನ. ಕಣ್ಣಿಗೆ ಸರಿಯಾಗಿ ಗೊತ್ತಾಗುತ್ತಿಲ್ಲ. ಅದಕ್ಕೆ ಫೋನಿನ ಸ್ಲೋ ಮೋಷನ್‌ನಲ್ಲಿ ಪಕ್ಕದಿಂದ ವಿಡಿಯೊ ಮಾಡಿ, ವಿಡಿಯೊದಿಂದ ಚಲನೆ ಅಳೆಯುವ ಸಾಫ್ಟ್‌ವೇರ್ ಕಿನೋವಿಯಾಗೆ ಹಾಕಿದೆ.

ವೇಗ ಸೆಕೆಂಡಿಗೆ 0.13 ಮೀಟರ್ ಅನ್ನುತ್ತದೆ! ಕೈಗಡಿಯಾರ ಹಿಡಿದು ನೋಡಿದರೆ 6 ಮೀಟರ್ ನಡೆಯಲು 5 ಸೆಕೆಂಡ್ ಆಗುತ್ತದೆ. ಒಂದೇ ಕಾಲಿನ ಗುರುತಿನಿಂದ ಮುಂದಿನ ಗುರುತಿಗೆ ಹಸಿ ಮಣ್ಣಿನಲ್ಲಿ ಟೇಪ್ ಹಿಡಿದರೆ 1.4 ಮೀಟರ್ ಇದೆ, ವಿಡಿಯೊದಲ್ಲಿ 1.2 ಬರುತ್ತದೆ. ಅಳತೆಗೆ 1 ಮೀಟರ್ ಕೋಲು ಇಟ್ಟಿದ್ದೆ. ಸಾಫ್ಟ್‌ವೇರ್ ಬದಲಾಯಿಸಬೇಕಾ?

ಫ್ರೇಮ್_ಲೆಕ್ಕ:
ಬೇಡ. ಎರಡು ಪ್ರಶ್ನೆ. ಫೋನ್ ಸೆಕೆಂಡಿಗೆ ಎಷ್ಟು ಫ್ರೇಮ್ (ವಿಡಿಯೊದ ಬಿಡಿ ಚಿತ್ರ) ತೆಗೆಯುತ್ತದೆ? ಕೋಲು ಎಲ್ಲಿ ಇಟ್ಟಿದ್ದಿರಿ, ಎತ್ತು ಎಲ್ಲಿ ನಡೆಯಿತು?

ಗುಬ್ಬಿ_ಎತ್ತು:
240 ಅಂತ ಸೆಟ್ಟಿಂಗ್‌ನಲ್ಲಿದೆ. ಕೋಲು ಬೇಲಿಗೆ ಒರಗಿಸಿತ್ತು, ಕ್ಯಾಮೆರಾದಿಂದ 6 ಮೀಟರ್. ಎತ್ತು ಬೇಲಿಯ ಆಚೆ, ಸುಮಾರು 7 ಮೀಟರ್‌ನಲ್ಲಿ ಹೋಯಿತು.

ಫ್ರೇಮ್_ಲೆಕ್ಕ:
ಹಾಗಾದರೆ ಲೆಕ್ಕ ಪೂರ್ತಿ ಕೂಡಿಬಂತು. ಇಲ್ಲಿ ಎರಡು ತಪ್ಪು ಒಂದರ ಮೇಲೊಂದು ಕೂತಿವೆ.

ಫೋನ್ 240 ಫ್ರೇಮ್ ತೆಗೆದು, ಫೈಲ್‌ನಲ್ಲಿ ಸೆಕೆಂಡಿಗೆ 30 ಅಂತ ಬರೆದಿದೆ. ಸಾಫ್ಟ್‌ವೇರ್ ಪಾಪ ಅದನ್ನೇ ನಂಬಿದೆ. ಅದಕ್ಕೆ ಕಾಲ 8 ಪಟ್ಟು ಹಿಗ್ಗಿದೆ. ಕಿನೋವಿಯಾದಲ್ಲಿ ವಿಡಿಯೊದ ಸಮಯ ಹೊಂದಿಸುವ ಆಯ್ಕೆಗೆ ಹೋಗಿ, ಕ್ಯಾಮೆರಾ ನಿಜವಾಗಿ ತೆಗೆದ ಫ್ರೇಮ್ ರೇಟ್ 240 ಅಂತ ಕೊಡಿ. 0.13 ಇದ್ದದ್ದು 1.03ರ ಹತ್ತಿರ ಬರುತ್ತದೆ.

ಉಳಿದ ಕೊರತೆ ಕೋಲಿನದು. ದೂರ ಹೋದಷ್ಟೂ ವಸ್ತು ಚಿಕ್ಕದಾಗಿ ಕಾಣುತ್ತದೆ ಅಲ್ವಾ? 7 ಮೀಟರ್‌ನಲ್ಲಿ ನಡೆದ ಎತ್ತನ್ನು 6 ಮೀಟರ್‌ನಲ್ಲಿದ್ದ ಕೋಲಿನಿಂದ ಅಳೆದರೆ ಏಳರಲ್ಲಿ ಆರು ಪಾಲು ಮಾತ್ರ ಸಿಗುತ್ತದೆ. 1.4 ಮೀಟರ್ 1.2 ಆಗುವುದು ಹಾಗೆ. ಎತ್ತು ನಡೆಯುವ ಗೆರೆಯ ಮೇಲೇ ಕೋಲು ಹಿಡಿದು ಒಂದು ಕ್ಷಣ ರೆಕಾರ್ಡ್ ಮಾಡಿ, ತೆಗೆದುಬಿಡಿ. ಟ್ರೈಪಾಡ್ ಮಾತ್ರ ಕದಲಬಾರದು.

1870ರ ದಶಕದಲ್ಲಿ ಕುದುರೆ ಓಟದ ಫೋಟೊ ತೆಗೆದ ಮೈಬ್ರಿಜ್ ಕೂಡ ಹಿಂದೆ ಗೆರೆ ಎಳೆದ ಬಿಳಿ ಹಿನ್ನೆಲೆ ಇಟ್ಟಿದ್ದ. ಆ ಗೆರೆಗಳಿಂದ ನೇರವಾಗಿ ಅಳೆಯಲು ಹೋದರೂ ಇದೇ ತೊಂದರೆ, ಏಕೆಂದರೆ ಗೆರೆ ಕುದುರೆಯ ಹಿಂದಿತ್ತು.

ಮಧುಗಿರಿ_ಬಯಲು:
ಫೋನ್ ಹೇಳುವ 240ನ್ನೂ ಸುಮ್ನೆ ನಂಬಬೇಡಿ. ಬೆಳಕು ಕಮ್ಮಿಯಾದರೆ ಕೆಲವು ಫೋನ್ ಫ್ರೇಮ್ ರೇಟನ್ನು ತಾನೇ ಇಳಿಸುತ್ತದೆ. ಇನ್ನು ಕೆಲವು ನಡುವೆ ಇಲ್ಲದ ಫ್ರೇಮ್ ಸೃಷ್ಟಿಸಿ ತುಂಬುತ್ತವೆ. ಪರೀಕ್ಷೆ ಸುಲಭ. 1 ಮೀಟರ್ 22 ಸೆಂಟಿಮೀಟರ್ ಎತ್ತರದಿಂದ ಚೆಂಡು ಬಿಡಿ. ನೆಲ ಮುಟ್ಟಲು ಅರ್ಧ ಸೆಕೆಂಡ್ ಬೇಕು, ಅಂದರೆ 120 ಫ್ರೇಮ್ ಬರಬೇಕು. 90 ಬಂದರೆ ನಿಮ್ಮ ಫೋನ್ ಸುಳ್ಳು ಹೇಳುತ್ತಿದೆ. ವಿಡಿಯೊವನ್ನು ವಾಟ್ಸಾಪ್‌ನಲ್ಲಿ ಕಳಿಸಿಕೊಳ್ಳಬೇಡಿ, ಕೇಬಲ್ ಹಾಕಿ ಕಾಪಿ ಮಾಡಿ.

ಜೊತೆಗೆ ನನ್ನದೊಂದು ಪ್ರಶ್ನೆ. ಮೈದನಹಳ್ಳಿ ಬಯಲಿನಲ್ಲಿ ಕೃಷ್ಣಮೃಗ ಓಡುವುದನ್ನು ಕ್ಯಾಮೆರಾ ತಿರುಗಿಸುತ್ತಾ ತೆಗೆದಿದ್ದೇನೆ. ಅಲ್ಲಿ ಕೋಲು ಇಡುವ ಹಾಗಿಲ್ಲ. ವೇಗ ಸಿಗುತ್ತದಾ?

ಫ್ರೇಮ್_ಲೆಕ್ಕ:
ಕ್ಯಾಮೆರಾ ತಿರುಗಿಸಿದ್ದರೆ ಕಷ್ಟ. ಮೃಗ ಸರಿದದ್ದೆಷ್ಟು, ಕ್ಯಾಮೆರಾ ಸರಿದದ್ದೆಷ್ಟು ಅಂತ ಬಿಡಿಸಲು ಹಿನ್ನೆಲೆಯ ಕಲ್ಲು, ಪೊದೆಗಳನ್ನು ಹಿಡಿದು ಲೆಕ್ಕ ಹಾಕಬೇಕು. ಮುಂದಿನ ಸಲ ಕ್ಯಾಮೆರಾ ಅಲುಗಾಡಿಸದೆ ಇಡಿ, ಚೌಕಟ್ಟಿನೊಳಗೆ ಅದೇ ಹಾದು ಹೋಗಲಿ. ವೇಗವನ್ನು ಮೀಟರ್ ಬದಲು ‘ಸೆಕೆಂಡಿಗೆ ಎಷ್ಟು ಮೈಯುದ್ದ’ ಅಂತ ಹೇಳಿ. ಓಟಗಳನ್ನು ಹೋಲಿಸಲು ಅಷ್ಟು ಸಾಕು.

ಪಶುವೈದ್ಯೆ_ಕೋಲಾರ:
ಗುಬ್ಬಿಯವರೇ, ಕುಂಟು ಹಿಡಿಯಲು ವೇಗ ಬೇಕೇ ಇಲ್ಲ. ಪ್ರತಿ ಕಾಲು ಒಂದು ಪೂರ್ತಿ ಸುತ್ತಿನಲ್ಲಿ, ಅಂದರೆ ಅದೇ ಕಾಲು ನೆಲ ಮುಟ್ಟಿ ಮತ್ತೆ ಮುಟ್ಟುವಷ್ಟರಲ್ಲಿ, ಎಷ್ಟು ಫ್ರೇಮ್ ನೆಲದ ಮೇಲಿರುತ್ತದೆ ಅಂತ ಎಣಿಸಿ. ಇದು ಬರೀ ಅನುಪಾತ, ಹಾಗಾಗಿ ಕೋಲೂ ಬೇಡ, 240 ಸರಿಯಾ ಅನ್ನುವ ಚಿಂತೆಯೂ ಬೇಡ. ನೋವಿರುವ ಕಾಲಿನ ಮೇಲೆ ಪ್ರಾಣಿ ಜಾಸ್ತಿ ಹೊತ್ತು ಭಾರ ಹಾಕುವುದಿಲ್ಲ. ಇನ್ನೊಂದು: ಆರಾಮಾಗಿ ನಡೆಯುವ ದನದ ಹಿಂಗೊರಸು ಅದೇ ಬದಿಯ ಮುಂಗೊರಸು ಬಿಟ್ಟ ಗುರುತಿನ ಹತ್ತಿರವೇ ಬೀಳುತ್ತದೆ. ನೋವಿದ್ದರೆ ಹಿಂದೆಯೇ ಉಳಿಯುತ್ತದೆ. ಬೆನ್ನು ಬಾಗಿದೆಯಾ ಅಂತಲೂ ನೋಡಿ.

ತೊಡೆ, ಸೊಂಟದ ಮೇಲೆ ಗುರುತು ಅಂಟಿಸಿ ಕೋನ ಅಳೆಯಲು ಹೋಗಬೇಡಿ. ಅಲ್ಲಿ ಚರ್ಮ ಮೂಳೆಯ ಮೇಲೆ ಜಾರುತ್ತದೆ. ಗೊರಸೇ ನಂಬಿಕಸ್ತ.

ಗುಬ್ಬಿ_ಎತ್ತು:
ಥ್ಯಾಂಕ್ಸ್ ಮೇಡಂ. ಕೋಲನ್ನು ದಾರಿಗೆ ತಂದಿಟ್ಟೆ, 240 ಕೊಟ್ಟೆ, ವೇಗ 1.2 ಬಂತು. ಒಂದು ಸುತ್ತಿಗೆ 280 ಫ್ರೇಮ್. ಬಲ ಹಿಂಗಾಲು 184 ಫ್ರೇಮ್ ನೆಲದ ಮೇಲಿದೆ, ಎಡದ್ದು 171. ಇದು ವ್ಯತ್ಯಾಸವಾ, ನನ್ನ ಎಣಿಕೆಯ ತಪ್ಪಾ?

ಪಶುವೈದ್ಯೆ_ಕೋಲಾರ:
ಗೊರಸು ನೆಲ ಮುಟ್ಟಿದ ಫ್ರೇಮ್ ಗುರುತಿಸುವಾಗ ಎರಡು ಮೂರು ಹೆಚ್ಚು ಕಮ್ಮಿ ಆಗಬಹುದು, 13 ಆಗುವುದು ಕಷ್ಟ. ಆದರೆ ಒಂದೇ ಸುತ್ತು ನಂಬಬೇಡಿ. ಗಟ್ಟಿ, ಸಮ ನೆಲದಲ್ಲಿ ಹಲವು ಸಲ ನಡೆಸಿ, ಎರಡೂ ಬದಿಯಿಂದ ತೆಗೆಯಿರಿ. ಆಚೆ ಬದಿಯ ಗೊರಸು ಈಚೆ ಕಾಲಿಗೆ ಮರೆಯಾಗುತ್ತದೆ. ಜೋಡಿ ಎತ್ತನ್ನೂ ಅದೇ ದಾರಿಯಲ್ಲಿ ನಡೆಸಿ ಎಣಿಸಿ. ಅಷ್ಟರೊಳಗೆ ಎಡ ಗೊರಸಿನ ಸಂದಿ ತೊಳೆದು ನೋಡಿ, ಕಲ್ಲು ಸಿಕ್ಕಿರಬಹುದು, ಲಾಳದ ಮೊಳೆ ಒಳಗೆ ಹೋಗಿರಬಹುದು. ಊತ ಅಥವಾ ಬಿಸಿ ಇದ್ದರೆ ವಿಡಿಯೊ ಬದಿಗಿಡಿ, ಡಾಕ್ಟರನ್ನು ಕರೆಸಿ.