ಸ್ಯಾಟಲೈಟ್ ಫೋನ್: ಸಿಗ್ನಲ್ ಇದ್ರೂ ಮೂರ್ನಾಲ್ಕು ನಿಮಿಷಕ್ಕೆ ಕಾಲ್ ಕಟ್ ಆಗ್ತಿದೆ, ಸಹಾಯ ಮಾಡಿ

ನೆರೆಕಾವಲು:
ಎಲ್ಲರಿಗೂ ನಮಸ್ಕಾರ. ನಮ್ಮದೊಂದು ಸಣ್ಣ ತಂಡ, ನೆರೆ ಬಂದಾಗ ಜನರನ್ನ ಸುರಕ್ಷಿತ ಜಾಗಕ್ಕೆ ಸಾಗಿಸೋ ಕೆಲಸ. ಹೋದ ಸಲ ಟವರ್‌ಗಳಿಗೆ ಕರೆಂಟೇ ಇಲ್ಲದೆ ಎರಡು ದಿನ ಯಾರು ಎಲ್ಲಿದ್ದಾರೆ ಅಂತ್ಲೇ ಗೊತ್ತಾಗದೆ ಒದ್ದಾಡಿಬಿಟ್ವಿ, ಅದಕ್ಕೇ ಈ ಸಲ ಎಲ್ಲರೂ ದುಡ್ಡು ಹಾಕಿ ಒಂದು ಸ್ಯಾಟಲೈಟ್ ಫೋನ್ ತಗೊಂಡ್ವಿ. ಭಾನುವಾರ ಡ್ರಿಲ್ ಮಾಡಿದ್ವಿ. ನೆಟ್‌ವರ್ಕ್ ಹಿಡಿಯುತ್ತೆ, ಕಡ್ಡಿ ತೋರ್ಸುತ್ತೆ, ಕಾಲೂ ಹೋಗುತ್ತೆ, ಆದ್ರೆ ಮೂರ್ನಾಲ್ಕು ನಿಮಿಷ ಆಗ್ತಿದ್ದಂಗೆ ಗೊರಗೊರ ಅಂದು ಕಟ್. ಮತ್ತೆ ಮಾಡಿದ್ರೆ ಒಂದೊಂದ್ಸಲ ತಕ್ಷಣ ಸಿಗುತ್ತೆ, ಒಂದೊಂದ್ಸಲ ಐದು ನಿಮಿಷ ಕಾಯ್ಬೇಕು. ಇನ್ನೊಂದು, ಸೇವ್ ಮಾಡಿಟ್ಟಿರೋ ನಂಬರ್‌ಗಳಲ್ಲಿ ಅರ್ಧಕ್ಕರ್ಧ ನಂಬರಿಗೆ ಕಾಲೇ ಹೋಗ್ತಿಲ್ಲ. ಫೋನೇ ಕೆಟ್ಟಿದ್ಯಾ? ವಾಪಸ್ ಕೊಟ್ಟುಬಿಡ್ಲಾ? ಮಳೆ ಶುರುವಾಗೋಕೆ ಮೂರೇ ವಾರ ಇದೆ, ನಿದ್ದೆ ಬರ್ತಿಲ್ಲ.

ತರಂಗಪ್ರಿಯ:
ವಾಪಸ್ ಕೊಡೋಕೆ ಮುಂಚೆ ಹೇಳಿ ಸರ್, ಎಲ್ಲಿ ನಿಂತು ಮಾತಾಡಿದ್ರಿ?

ನೆರೆಕಾವಲು:
ಹೊರಗೇನೇ ಸರ್. ಬೆನ್ನ ಹಿಂದೆ ಎರಡಂತಸ್ತಿನ ಕಟ್ಟಡ ಇತ್ತು ಅಷ್ಟೇ, ಎದುರಿಗೆ ಆಕಾಶ ಪೂರ್ತಿ ಕಾಣ್ತಿತ್ತು.

ತರಂಗಪ್ರಿಯ:
ತೊಂದ್ರೆ ಆ ಕಟ್ಟಡದ್ದೇ. ನೀವು ಹೇಳೋ ಲಕ್ಷಣ ನೋಡಿದ್ರೆ ನಿಮ್ಮದು ಓಡಾಡೋ ಉಪಗ್ರಹಗಳ ಫೋನು. ಉದಾಹರಣೆಗೆ ಇರಿಡಿಯಂ ಅನ್ನೋ ಕಂಪನಿಯದ್ದು ನೋಡಿ, 66 ಉಪಗ್ರಹ, ಸುಮಾರು 780 ಕಿ.ಮೀ. ಎತ್ತರದಲ್ಲಿ ಗಂಟೆಗೆ 27,000 ಕಿ.ಮೀ. ಆಸುಪಾಸಿನ ವೇಗದಲ್ಲಿ ಓಡ್ತಾ ಇರ್ತವೆ. ಒಂದು ಉಪಗ್ರಹ ಈ ಅಂಚಲ್ಲಿ ಹುಟ್ಟಿ ಆ ಅಂಚಲ್ಲಿ ಮುಳುಗೋಕೆ ಹತ್ತು ನಿಮಿಷದ ಆಸುಪಾಸು ಅಷ್ಟೇ, ಅದು ಹೋಗ್ತಾ ಹೋಗ್ತಾ ನಿಮ್ಮ ಕಾಲನ್ನ ಹಿಂದೆ ಬರ್ತಿರೋ ಇನ್ನೊಂದಕ್ಕೆ ಒಪ್ಪಿಸ್ಬೇಕು. ಆ ಇನ್ನೊಂದು ನಿಮ್ಮ ಕಟ್ಟಡದ ಮರೆಯಲ್ಲಿ ಇದ್ರೆ ಯಾರಿಗೆ ಒಪ್ಪಿಸುತ್ತೆ? ಕಟ್. ಕಾಲ್ ಮಾಡೋ ಹೊತ್ತಲ್ಲಿ ಸಿಗ್ನಲ್ ಫುಲ್ ಇದ್ದೂ ನಡುವೆ ಬಿದ್ದುಹೋಗೋದು ಇದರಿಂದ್ಲೇ. ಕಡ್ಡಿ ಈ ಕ್ಷಣದ ಮಾತು ಹೇಳುತ್ತೆ, ಇನ್ನೈದು ನಿಮಿಷದ್ದು ಹೇಳಲ್ಲ. ಅದೇ ಇನ್‌ಮಾರ್‌ಸ್ಯಾಟ್ ಅನ್ನೋ ಇನ್ನೊಂದು ಕಂಪನಿ ಥರದ್ದು ಆಗಿದ್ರೆ ಉಪಗ್ರಹ ಸಮಭಾಜಕದ ಮೇಲೆ 35,786 ಕಿ.ಮೀ. ಎತ್ತರದಲ್ಲಿ ನಮಗೆ ನಿಂತಲ್ಲೇ ನಿಂತಂಗೆ ಕಾಣುತ್ತೆ, ಆ ಒಂದು ದಿಕ್ಕು ಬಯಲಾಗಿದ್ರೆ ಸಾಕು, ಬೆನ್ನ ಹಿಂದೆ ಏನಿದ್ರೂ ಲೆಕ್ಕಕ್ಕಿಲ್ಲ.

ಅಳತೆ ಹೀಗೆ ಮಾಡಿ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡೀರಿ, ಮುಷ್ಟಿಯ ಕೆಳಗಂಚು ದಿಗಂತಕ್ಕೆ ತಾಗಿಸಿದ್ರೆ ಮೇಲಂಚು ಸುಮಾರು 10 ಡಿಗ್ರಿ. ನಿಂತಲ್ಲೇ ಒಂದು ಸುತ್ತು ತಿರುಗಿ, ಎಲ್ಲಾದ್ರೂ ಮರವೋ ಗೋಡೆಯೋ ಮುಷ್ಟಿಗಿಂತ ಮೇಲೆ ಬಂದ್ರೆ ಜಾಗ ಬದಲಾಯಿಸಿ. ಆಂಟೆನಾ ಪೂರ್ತಿ ಎಳೀರಿ, ಕಿವಿಗೆ ಹಿಡಿದಾಗ ಅದು ನೆಟ್ಟಗೆ ಆಕಾಶ ನೋಡ್ಬೇಕು. ಮಾತಾಡ್ತಾ ತಲೆ ವಾಲಿಸಿದಂಗೆಲ್ಲ ಫೋನೂ ವಾಲುತ್ತೆ, ಯಾರಿಗೂ ಗೊತ್ತೇ ಆಗಲ್ಲ, ಪಕ್ಕದಲ್ಲಿ ಒಬ್ರನ್ನ ನೋಡೋಕೆ ನಿಲ್ಲಿಸ್ಕೊಳ್ಳಿ.

ನಂಬರ್ ವಿಷ್ಯ: ಹೋಗದೆ ಇರೋವು ದೇಶದ ಕೋಡ್ ಇಲ್ಲದೆ ಸೇವ್ ಆಗಿರ್ಬೇಕು ನೋಡಿ. ಈ ಫೋನಿಗೆ ಸ್ವಂತ ದೇಶ ಅಂತಿಲ್ಲ, ಪಕ್ಕದಲ್ಲೇ ನಿಂತಿರೋರಿಗೆ ಮಾಡಿದ್ರೂ ಪ್ಲಸ್ ಇಲ್ಲಾ 00 ಹಾಕಿ ದೇಶದ ಕೋಡ್ ಸಮೇತ ಒತ್ಬೇಕು.

ಬ್ಯಾಟರಿಬೆಳಕು:
ನಡುವೆ ಬಾಯಿ ಹಾಕ್ತೀನಿ. ಫೋನಿನ ಜೊತೆ ಇಂಟರ್ನೆಟ್ ಡಿಶ್ ಕೂಡ ಇಟ್ಕೊಳ್ಳೋ ಯೋಚನೆ ಇದ್ರೆ ಕರೆಂಟ್ ಲೆಕ್ಕ ಮೊದಲೇ ಹಾಕಿ. 75 ವ್ಯಾಟ್ ಎಳೆಯೋ ಡಿಶ್ ದಿನಪೂರ್ತಿ ಓಡಿದ್ರೆ 1,800 ವ್ಯಾಟ್ ಅವರ್, 12 ವೋಲ್ಟ್ 100 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಇರೋದೇ 1,200, ಲೆಡ್ ಆಸಿಡ್ ಆದ್ರೆ ಅದರಲ್ಲೂ ಅರ್ಧ ಬಳಸ್ಬೋದು ಅಷ್ಟೇ. ಹೊತ್ತು ಗೊತ್ತು ಮಾಡ್ಕೊಂಡು ಆ ಹೊತ್ತಲ್ಲಿ ಮಾತ್ರ ಆನ್ ಮಾಡಿ. ಜೋರು ಮಳೇಲಿ ಡಿಶ್ ನಿಧಾನ ಆಗುತ್ತೆ, ಕೈಫೋನು ಬಳಸೋ ಎಲ್ ಬ್ಯಾಂಡ್ ಅನ್ನೋ ಕಡಿಮೆ ಆವರ್ತನದ ರೇಡಿಯೊ ತರಂಗಕ್ಕೆ ಮಳೆಯ ಕಾಟ ಅಷ್ಟಿಲ್ಲ.

ನೆರೆಕಾವಲು:
ಇವತ್ತು ಬೆಳಿಗ್ಗೆ ಮೈದಾನದ ಮಧ್ಯೆ ನಿಂತು ಟೆಸ್ಟ್ ಮಾಡಿದ್ವಿ, ಮೊದಲನೇ ಕಾಲ್ 14 ನಿಮಿಷ, ಎರಡನೇದು 17, ಒಂದ್ಸಲಾನೂ ಕಟ್ ಆಗ್ಲಿಲ್ಲ! ನಂಬರ್‌ಗಳ ಕಥೆ ನೀವು ಹೇಳಿದ್ದೇ, ಪ್ಲಸ್ ಹಾಕಿದ ಮೇಲೆ ಎಲ್ಲಾ ಹೋದ್ವು. ಆದ್ರೆ ಇಬ್ರು ಎತ್ತಲೇ ಇಲ್ಲ, 8816 ಅಂತ ಶುರುವಾಗೋ ನಂಬರ್ ನೋಡಿ ಮೋಸದ ಕಾಲ್ ಅಂದ್ಕೊಂಡ್ರಂತೆ. ಈಗ ಎಲ್ಲರ ಮೊಬೈಲಲ್ಲೂ ಆ ನಂಬರ್ ತಂಡದ ಹೆಸರಲ್ಲೇ ಸೇವ್ ಮಾಡ್ಸಿದ್ದೀನಿ.

ತರಂಗಪ್ರಿಯ:
ತುಂಬಾ ಖುಷಿ ಆಯ್ತು. ಒಂದೇ ಮಾತು ಸರ್, ನೆರೆ ಬಂದಾಗ ಆ ಮೈದಾನದಲ್ಲಿ ನೀರು ನಿಲ್ಲಲ್ವಾ?

ನೆರೆಕಾವಲು:
ನಿಲ್ಲುತ್ತೆ ಸರ್, ಎದೆಮಟ್ಟ. ನನಗೆ ಹೊಳೆದೇ ಇರ್ಲಿಲ್ಲ. ಸಂಜೆ ಅದೇ ಕಟ್ಟಡದ ತಾರಸಿಗೆ ಹೋಗಿ ಮುಷ್ಟಿ ಹಿಡಿದು ಸುತ್ತು ತಿರುಗಿದೆ, ಒಂದು ಮೂಲೇಲಿ ನೀರಿನ ಟ್ಯಾಂಕ್ ಅಡ್ಡ ಬಂತು, ಅದರಿಂದ ದೂರದ ಮೂಲೇಲಿ ಸುತ್ತಲೂ ಬಯಲು. ಅಲ್ಲಿಂದ 20 ನಿಮಿಷ ಮಾತಾಡಿದ್ವಿ, ಕಟ್ ಆಗ್ಲಿಲ್ಲ. ನಿಲ್ಲೋ ಜಾಗಕ್ಕೆ ಬಿಳಿ ಪೇಂಟಲ್ಲಿ ಗುಂಡಗೆ ಗೆರೆ ಎಳೆದಿದ್ದೀವಿ, ತಾರಸಿ ಬಾಗಿಲ ಕೀ ಮೂರು ಜನರ ಹತ್ರ ಇದೆ.