ಪುಟ್ಟಿಗೆ ದೊಡ್ಡಮ್ಮನ ಉತ್ತರ, ಸ್ವಲ್ಪ ಉದ್ದವಾಗಿದೆ

ಪುಟ್ಟಿ, ದೊಡ್ಡಮ್ಮ ಮಾತಾಡುತ್ತಿದ್ದೇನೆ. ಟೈಪ್ ಮಾಡಲು ಕಣ್ಣು ಸಾಲುವುದಿಲ್ಲ, ಅದಕ್ಕೆ ಮಾತಲ್ಲೇ ಕಳಿಸುತ್ತಿದ್ದೇನೆ. ಗ್ರೂಪಿನ ಉಳಿದವರೂ ಕೇಳಿ, ಅರ್ಧಕ್ಕೆ ಬಿಡಬೇಡಿ.

ರಾತ್ರಿ ಹನ್ನೊಂದೂವರೆಗೆ ನೀನು ಬರೆದದ್ದನ್ನು ಬೆಳಿಗ್ಗೆ ನೋಡಿದೆ. ಅಮ್ಮ ಹೋದ ಮೇಲೆ ಪ್ರಾರ್ಥನೆಗೆ ಕೂತರೆ ಮಾತೇ ಬರುವುದಿಲ್ಲ, ಡಾಕ್ಟರು ಮನಸ್ಸಿಗೆ ಮಾತ್ರೆ ಕೊಟ್ಟಿದ್ದಾರೆ ಅಂದೆ. ಪ್ರಾರ್ಥನಾ ಕೂಟದವರು ‘ನಂಬಿಕೆ ಇದ್ದರೆ ಮಾತ್ರೆ ಯಾಕೆ, 21 ದಿನ ಉಪವಾಸ ಮಾಡು, ಬಲ ತಾನಾಗಿ ಬರುತ್ತದೆ’ ಅನ್ನುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೀ. ಓದಿ ಎದೆ ಧಸಕ್ ಅಂದಿತು. ಆ ಮಾತು ನನಗೆ ಹೊಸದಲ್ಲ.

ದೊಡ್ಡಪ್ಪನ ಕಾಲಿನ ಕಥೆ ನಿಮಗೆಲ್ಲ ಗೊತ್ತು. ಗುಡ್ಡೆಯಲ್ಲಿ ಮುಳ್ಳು ತಾಗಿ ಕಿರುಬೆರಳು ಹೋಯಿತು ಅಂತ ಅಲ್ವಾ? ಮುಳ್ಳು ತಾಗಿದ್ದು ನಿಜ. ಬೆರಳು ಹೋದದ್ದು ನನ್ನಿಂದ.

1997ರ ಮಳೆಗಾಲ. ಅವರಿಗೆ ಶುಗರ್ ಶುರುವಾಗಿ ಆರು ವರ್ಷ ಆಗಿತ್ತು. ಊರಿಗೆ ಒಬ್ಬ ಬೋಧಕರು ಬಂದಿದ್ದರು, ಮೂರು ದಿನದ ಕೂಟ. ಹೆಸರು ಬೇಡ, ಈಗ ಎಲ್ಲಿದ್ದಾರೋ. ಕೊನೆಯ ದಿನ ದೊಡ್ಡಪ್ಪನ ತಲೆಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿದರು. ‘ಗುಣವಾಯಿತು, ಇನ್ನು ಮಾತ್ರೆ ನುಂಗಿದರೆ ದೇವರ ಮೇಲೆ ಅನುಮಾನ ಪಟ್ಟ ಹಾಗೆ’ ಅಂದರು. ದೊಡ್ಡಪ್ಪ ಸುಮ್ನೆ ನಕ್ಕರು. ನಂಬಿದವಳು ನಾನು. ಮನೆಗೆ ಬಂದು ಇದ್ದ ಮಾತ್ರೆಯನ್ನೆಲ್ಲ ಹಾರ್ಲಿಕ್ಸ್ ಬಾಟಲಿಗೆ ಹಾಕಿ ಅಟ್ಟದಲ್ಲಿ ಅಕ್ಕಿಮುಡಿಯ ಹಿಂದೆ ಇಟ್ಟೆ. ಎರಡು ದಿನ ಕೇಳಿದರು. ಮೂರನೆಯ ದಿನ ‘ಆಯಿತು ಮಾರಾಯ್ತಿ, ನಿನ್ನ ಸಮಾಧಾನಕ್ಕೆ’ ಅಂದು ಬಿಟ್ಟರು.

ಒಂದು ವಾರ ಕಳೆದು ಬಚ್ಚಲಿನಲ್ಲಿ ಇರುವೆ ಸಾಲು ಕಟ್ಟಿತು. ಅವರು ಮೂತ್ರಕ್ಕೆ ಹೋಗಿ ಬಂದ ಜಾಗದಲ್ಲಿ, ಕಪ್ಪು ನೂಲು ಎಳೆದ ಹಾಗೆ. ಅದರ ಅರ್ಥ ನನಗೆ ಗೊತ್ತಿತ್ತು. ಗೊತ್ತಿದ್ದೂ ದಿನಾ ಬೆಳಿಗ್ಗೆ ಅವರು ಏಳುವ ಮೊದಲು ಬಿಸಿನೀರು ಸುರಿದು ತೊಳೆಯುತ್ತಿದ್ದೆ. ಬಾಯಲ್ಲಿ ಸ್ತೋತ್ರ ಹೇಳುತ್ತಲೇ ತೊಳೆದೆ. ಆಗಲೇ ಮುಳ್ಳು ತಾಗಿದ್ದು. ಶುಗರಿಗೆ ಕಾಲಿನ ಸ್ಪರ್ಶ ಹೋಗಿತ್ತು, ನೋವೇ ಗೊತ್ತಾಗಲಿಲ್ಲ. ಹತ್ತೊಂಬತ್ತನೆಯ ದಿನ ಆಸ್ಪತ್ರೆಗೆ ಹೋದಾಗ ಶುಗರ್ 480. ಬೆರಳು ಕಪ್ಪಾಗಿತ್ತು. ತೆಗೆದರು.

ಸಾಯುವವರೆಗೂ ಅವರು ಎಲ್ಲರಿಗೂ ಮುಳ್ಳಿನ ಕಥೆಯನ್ನೇ ಹೇಳಿದರು. ಬಾಟಲಿಯ ಮಾತು ಎತ್ತಲೇ ಇಲ್ಲ. ಇವತ್ತು ನಾನು ಎತ್ತಿದ್ದೇನೆ. ಪುಟ್ಟಿ, ಮಾತ್ರೆ ನಿಲ್ಲಿಸಬೇಡ.

ಆಸ್ಪತ್ರೆಯಲ್ಲಿ ನಾನು ಮೂರು ದಿನ ಬೆಂಚಿನ ಮೇಲೆ ಕೂತಿದ್ದೆ. ಪ್ರಾರ್ಥನೆ ನನಗೂ ಬರಲಿಲ್ಲ. ನಮ್ಮ ಚರ್ಚಿನ ಹಳೆಯ ಅಯ್ಯನವರು, ಆಗಲೇ ರಿಟೈರ್ ಆಗಿದ್ದರು, ಒದ್ದೆ ಕೊಡೆ ಹಿಡಿದುಕೊಂಡು ಬಂದರು. ಬೈಯುತ್ತಾರೆ ಅಂತ ಕಾದೆ. ‘ಊಟ ಆಯಿತಾ?’ ಅಂದರು. ಇಲ್ಲ ಅಂದೆ. ಹೊರಗೆ ಹೋಗಿ ಎರಡು ಬನ್ಸು, ಚಹಾ ತಂದರು. ನಾನು ತಿನ್ನುವವರೆಗೆ ಸತ್ಯವೇದ ತೆರೆಯಲಿಲ್ಲ. ಆಮೇಲೆ ಪ್ರವಾದಿ ಎಲೀಯನ ಕಥೆ ಓದಿದರು, ಒಂದನೆಯ ಅರಸುಗಳು 19. ರಾಣಿ ಈಜೆಬೆಲಳಿಗೆ ಹೆದರಿ ಓಡಿದವನು ಗಿಡದ ಕೆಳಗೆ ಕೂತು ‘ಸಾಕು ಕರ್ತನೇ, ನನ್ನ ಪ್ರಾಣ ತೆಗೆ’ ಅನ್ನುತ್ತಾನಲ್ಲ. ದೇವದೂತ ಬಂದು ‘ನಿನಗೆ ನಂಬಿಕೆ ಕಡಿಮೆ’ ಅಂದನಾ? ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಎರಡನೆಯ ಸಲವೂ ತಟ್ಟಿ ಎಬ್ಬಿಸಿ, ಎದ್ದು ತಿನ್ನು, ದಾರಿ ದೂರ ಇದೆ ಅಂತಲೇ ಹೇಳಿದ. ಆಮೇಲೆ ನಲವತ್ತು ದಿನ ಹೋರೇಬ್ ಬೆಟ್ಟಕ್ಕೆ ನಡೆಯುವ ಬಲ ಬಂತು. ಬಲ ಬಂದದ್ದು ಉಪವಾಸದಿಂದ ಅಲ್ಲ, ಆ ರೊಟ್ಟಿಯಿಂದ. ಹಾಗಂತ ಬರೆದೇ ಇದೆ, ತೆಗೆದು ನೋಡು.

ಸತ್ಯವೇದದಲ್ಲೇ ಹಿಜ್ಕೀಯ ರಾಜನಿಗೆ ದೇವರು 15 ವರ್ಷ ಆಯುಷ್ಯ ಕೂಡಿಸಿ ಕೊಟ್ಟ. ಆದರೂ ಪ್ರವಾದಿ ಯೆಶಾಯ ಅವನ ಹುಣ್ಣಿಗೆ ಅಂಜೂರದ ಉಂಡೆ ಹಚ್ಚಿಸಿದ. ಸುವಾರ್ತೆ ಬರೆದ ಲೂಕ ವೈದ್ಯ. ಉಡುಪಿಯಲ್ಲಿ 1923ರಲ್ಲಿ ಮಿಷನ್ ಆಸ್ಪತ್ರೆ ಶುರು ಮಾಡಿದ ಡಾಕ್ಟರಮ್ಮ ಈವಾ ಲೊಂಬಾರ್ಡ್ ಸ್ವಿಟ್ಜರ್ಲೆಂಡಿನಿಂದ ಬಂದದ್ದು ನಂಬಿಕೆ ಇಲ್ಲದೆಯಾ? ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದು ಬರೀ ಪ್ರಸಂಗ ಮಾಡಿ ಹೋಗಲಿಲ್ಲ. ಅಚ್ಚುಕೂಟ, ನೇಯ್ಗೆ, ಹಂಚಿನ ಕಾರ್ಖಾನೆ ಎಲ್ಲ ಮಾಡಿದರು. ನಮ್ಮ ಅಜ್ಜ ಜೆಪ್ಪುವಿನಲ್ಲಿ ಹಂಚು ಹೊತ್ತವರು. ಅವರ ಪ್ರಾರ್ಥನೆ ಎರಡು ನಿಮಿಷದ್ದು. ಗಂಜಿಗೆ ಹೊತ್ತಾದರೆ ಇನ್ನೂ ಚಿಕ್ಕದು.

ಇನ್ನೊಂದು ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಿ. ಈ ಗ್ರೂಪಿನಲ್ಲಿ 43 ಜನ ಇದ್ದೀರಿ. ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಮೇಲೆ ವಚನ ಬರೆದು ಕಳಿಸುತ್ತೀರಿ. ಹೋದ ವರ್ಷ ನಾನು ಮೊಣಕಾಲಿನ ಆಪರೇಷನ್ ಆಗಿ ಮಲಗಿದಾಗ ಕೈಮುಗಿದ ಚಿತ್ರ ಎಷ್ಟು ಬಂತು, ಎಣಿಸಿದ್ದೇನೆ, 31. ಮನೆ ಬಾಗಿಲಿಗೆ ಬಂದವರು ಇಬ್ಬರು. ಚರ್ಚಿನಲ್ಲೂ ಹಾಗೇ ಆಗಿದೆ. ಕನ್ನಡ ಆರಾಧನೆಯನ್ನು ಬೆಳಿಗ್ಗೆ ಏಳಕ್ಕೆ ತಳ್ಳಿದ್ದಾರೆ, ಒಂಬತ್ತು ಗಂಟೆ ಡ್ರಮ್ಸ್ ಇರುವ ಇಂಗ್ಲಿಷಿನವರಿಗೆ. ಏಳಕ್ಕೆ ನಮ್ಮ ರಸ್ತೆಗೆ ಬಸ್ಸೇ ಇಲ್ಲ. ಮೀಟಿಂಗಿನಲ್ಲಿ ಕೇಳಿದರೆ ಒಬ್ಬ ಹುಡುಗ ‘ಆಂಟಿ, ಲೈವ್ ನೋಡಿ’ ಅಂದ. ಲೈವಿನಲ್ಲಿ ಕರ್ತನ ಭೋಜನ ಯಾರು ಕೊಡುತ್ತಾರೆ? ಅವನ ದೀಕ್ಷಾಸ್ನಾನಕ್ಕೆ ಕೇಕು ಮಾಡಿಕೊಟ್ಟವಳು ನಾನು. ಇರಲಿ.

ಎಲ್ಲಿದ್ದೆ? ಹಾಂ, ಮಾತ್ರೆ. ನಿಲ್ಲಿಸಬೇಡ ಪುಟ್ಟಿ. ಯಾರು ಎಣ್ಣೆ ಹಚ್ಚಿದರೂ, ಯಾರು ಕನಸು ಕಂಡೆ ಅಂದರೂ ನಿಲ್ಲಿಸಬೇಡ.

ಅಯ್ಯೋ, ನೀನು ಕೇಳಿದ್ದು ಏನು ಮಾಡಲಿ ಅಂತ. ಅದನ್ನೇ ಹೇಳಲಿಲ್ಲ ನೋಡು. ಮಾತ್ರೆಯಿಂದ ನಿದ್ದೆ ಜಾಸ್ತಿ ಆದರೆ, ಹೊಟ್ಟೆ ತೊಳಸಿದರೆ ಕೊಟ್ಟ ಡಾಕ್ಟರಿಗೇ ಹೇಳು. ಕಡಿಮೆ ಮಾಡುವುದು, ಬಿಡುವುದು ಅವರ ಲೆಕ್ಕ. ಉಪವಾಸ ಈಗ ಬೇಡ, ಮೊದಲೇ ಸರಿಯಾಗಿ ತಿನ್ನುತ್ತಿಲ್ಲ ನೀನು. ಎಲೀಯನ ಹಾಗೆ ಸಾಕಪ್ಪಾ ಅನ್ನಿಸಿದರೆ ಒಬ್ಬಳೇ ಇರಬೇಡ. ಹೊತ್ತು ನೋಡದೆ ನನಗೆ ಫೋನ್ ಮಾಡು. ಮನೆಯವರ ಹತ್ತಿರ ಹೇಳಲಾರೆ ಅನ್ನಿಸಿದರೆ 14416ಕ್ಕೆ ಮಾಡು, ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ರಾತ್ರಿಯೂ ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಾರ್ಥನೆ ಬರದಿದ್ದರೆ ಕೀರ್ತನೆ 13 ಓದು. ಆರೇ ವಚನ. ‘ಇನ್ನೆಷ್ಟು ದಿನ’ ಅಂತ ನಾಲ್ಕು ಸಲ ಕೇಳುತ್ತಾನೆ ದಾವೀದ, ದೇವರು ಸಿಟ್ಟಾಗಲಿಲ್ಲ. ಅದೂ ಆಗದಿದ್ದರೆ ಬಿಡು. ಕಪೆರ್ನೌಮಿನಲ್ಲಿ ಪಾರ್ಶ್ವವಾಯು ಆದವನನ್ನು ನಾಲ್ವರು ಹೊತ್ತು ತಂದು, ಮಾಳಿಗೆ ಬಿಚ್ಚಿ ಇಳಿಸಿದರಲ್ಲ, ಆಗ ಯೇಸು ನೋಡಿದ್ದು ‘ಅವರ’ ನಂಬಿಕೆಯನ್ನು. ಮಲಗಿದ್ದವನು ಒಂದು ಮಾತೂ ಆಡಿರಲಿಲ್ಲ. ನೀನು ಈಗ ಮಲಗು. ಹೊರುವುದು ನಮ್ಮ ಕೆಲಸ.

ಯಲಹಂಕದವರು ಯಾರಾದರೂ ಇವತ್ತು ಸಂಜೆ ಪುಟ್ಟಿಯ ಮನೆಗೆ ಹೋಗಿ. ಚಿತ್ರ ಕಳಿಸಬೇಡಿ, ಹೋಗಿ. ನಾನು ಶುಕ್ರವಾರ ರಾತ್ರಿಯ ಬಸ್ಸಿಗೆ ಹೊರಡುತ್ತೇನೆ. ಕುಚ್ಚಲಕ್ಕಿ ಅಲ್ಲಿ ಒಳ್ಳೆಯದು ಸಿಗುತ್ತದಾ, ಇಲ್ಲಿಂದಲೇ ತರಬೇಕಾ? ಅದೊಂದು ಹೇಳು.